ರಚ್ಚೆ ಹಿಡಿದ ಮಗುವಿನ ಪಕ್ಕದಲ್ಲಿ

ಮಿನೆಸೋಟ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಫ್ಲಾರೆನ್ಸ್ ಗುಡ್‌ಇನಫ್ ಸುಮಾರು ನೂರು ವರ್ಷಗಳ ಹಿಂದೆ 45 ಮಕ್ಕಳ ಮನೆಯವರಿಗೆ ಒಂದು ಕೆಲಸ ಒಪ್ಪಿಸಿದ್ದರು. ಮಗು ಸಿಟ್ಟು ಮಾಡಿಕೊಂಡಾಗಲೆಲ್ಲ ಅದನ್ನು ಬರೆದಿಡಬೇಕು. ಎಷ್ಟು ಗಂಟೆಗೆ ಶುರುವಾಯಿತು, ಯಾವುದಕ್ಕೆ, ಎಷ್ಟು ಹೊತ್ತು ನಡೆಯಿತು, ಮನೆಯವರು ಏನು ಮಾಡಿದರು, ಎಲ್ಲವೂ. ಹೀಗೆ ಕೂಡಿದ 1,878 ಪ್ರಸಂಗಗಳನ್ನು ಆಧರಿಸಿ ಅವರು ಬರೆದ ಪುಸ್ತಕ 1931ರಲ್ಲಿ ಹೊರಬಂತು. ಸಿಟ್ಟಿನ ಪ್ರಕೋಪ ಎರಡನೆಯ ವರ್ಷದಲ್ಲಿ ತುದಿ ಮುಟ್ಟಿ ಆಮೇಲೆ ಇಳಿಯುತ್ತ ಹೋಗುತ್ತದೆ. ಹೆಚ್ಚಿನವು ಐದು ನಿಮಿಷದೊಳಗೆ ಮುಗಿಯುತ್ತವೆ. ಊಟಕ್ಕೆ ಸ್ವಲ್ಪ ಮುಂಚೆ, ಮಲಗುವ ಹೊತ್ತಿನಲ್ಲಿ, ಮೈ ಸರಿಯಿಲ್ಲದ ದಿನಗಳಲ್ಲಿ ಹೆಚ್ಚು.

ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟಿನಲ್ಲಿ ಸಂಜೆ ಆರೂವರೆಗೆ ಲಿಫ್ಟಿನ ಪಕ್ಕ ನಿಂತರೆ ಈ ಮಾತುಗಳು ಇಂದಿಗೂ ಹಾಗೇ ಕೇಳಿಸುತ್ತವೆ. ದಿನವಿಡೀ ಡೇ-ಕೇರ್‌ನಲ್ಲಿ ಜಾಣನಾಗಿದ್ದ ಮೂರು ವರ್ಷದ ಹುಡುಗ ಮನೆಯ ಹೊಸ್ತಿಲು ಮುಟ್ಟುವ ಮೊದಲೇ ನೆಲಕ್ಕೆ ಬಿದ್ದು ಹೊರಳಾಡುತ್ತಾನೆ. ನೆಪ ಏನೂ ಇರಬಹುದು: ಲಿಫ್ಟಿನ ಗುಂಡಿ ತಾನು ಒತ್ತಬೇಕಿತ್ತು, ಅಪ್ಪ ಒತ್ತಿಬಿಟ್ಟ. “ಮಿಸ್ ಹತ್ರ ಇಷ್ಟು ಒಳ್ಳೆಯವನಾಗಿರ್ತಾನೆ, ನಮ್ಮ ಹತ್ರ ಯಾಕೆ ಹೀಗೆ?” ಎಂದು ಕೇಳದ ತಂದೆತಾಯಿ ಕಡಿಮೆ. ಇಪ್ಪತ್ತು ಮಕ್ಕಳ ನಡುವೆ ಎಂಟು ಗಂಟೆ ಹೊತ್ತು ತನ್ನನ್ನು ತಾನು ಬಿಗಿಹಿಡಿದುಕೊಂಡ ಮಗು, ಬಿಗಿ ಬಿಟ್ಟರೂ ಯಾರೂ ತನ್ನನ್ನು ಕೈಬಿಡುವುದಿಲ್ಲ ಎಂಬ ಖಾತ್ರಿ ಇರುವ ಕಡೆ ಅದನ್ನು ಬಿಡುತ್ತದೆ. ಆ ಹೊತ್ತಿಗೆ ಹೊಟ್ಟೆಯೂ ಹಸಿದಿರುತ್ತದೆ, ಕಣ್ಣೂ ಎಳೆಯುತ್ತಿರುತ್ತದೆ. ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಕೊಟ್ಟು, ಬುದ್ಧಿಮಾತನ್ನು ರಾತ್ರಿಗೆ ಮುಂದೂಡಿದ ತಾಯಿ ಆ ಸಂಜೆಯನ್ನು ಅರ್ಧ ಗೆದ್ದಂತೆಯೇ.

ಮಕ್ಕಳಿಗೆ ಭಾವನೆಗಳನ್ನು ಗುರುತಿಸಲು, ನಿಭಾಯಿಸಲು ಕಲಿಸಬೇಕು ಎನ್ನುವ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಪ್ರೀ-ಸ್ಕೂಲುಗಳ ಗೋಡೆ ಮೇಲೆ ನಗುವ ಮುಖ, ಅಳುವ ಮುಖ, ಕೆಂಪಗಾದ ಮುಖಗಳ ಚಾರ್ಟು ಇದೆ. ಆ ಚಾರ್ಟುಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಮಗು ಈ ವಿದ್ಯೆಯನ್ನು ಕಲಿಯುವುದು ಬೆಳಗ್ಗೆ ಹತ್ತು ಗಂಟೆಗೆ ಚಾರ್ಟಿನ ಮುಂದೆ ಕೂತಾಗ ಅಲ್ಲ. ತನ್ನ ಒಳಗೆ ಏನೋ ಹೊತ್ತಿಕೊಂಡ ಆ ಐದು ನಿಮಿಷದಲ್ಲಿ ಪಕ್ಕದಲ್ಲಿದ್ದ ದೊಡ್ಡವರು ಹೇಗಿದ್ದರು ಎನ್ನುವುದರಿಂದ ಕಲಿಯುತ್ತದೆ. ನಡೆಯಲು ಕಲಿಯುವ ಮಗುವಿಗೆ ಮೊದಲು ನಮ್ಮ ಬೆರಳು ಕೊಡುತ್ತೇವೆ. ಸಮಾಧಾನವೂ ಹಾಗೆಯೇ: ಮೊದಲು ನಮ್ಮದನ್ನು ಕೊಡಬೇಕು, ಅದರದ್ದು ಆಮೇಲೆ ಬರುತ್ತದೆ.

ಇದು ಬರೀ ಅಕ್ಕರೆಯ ಮಾತಲ್ಲ, ಮೈಯ ಲೆಕ್ಕವೂ ಹೌದು. ಹಣೆಯ ಹಿಂದಿರುವ ಮಿದುಳಿನ ಮುಂಭಾಗ, ಅಂದರೆ ತಡೆದುಕೊಳ್ಳುವುದು, ಕಾಯುವುದು, ಮುಂದಿನದನ್ನು ಯೋಚಿಸುವುದು ಇವನ್ನೆಲ್ಲ ನೋಡಿಕೊಳ್ಳುವ ಭಾಗ, ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. ಹೆದರಿಕೆ, ಸಿಟ್ಟುಗಳನ್ನು ಎಬ್ಬಿಸುವ ಆಳದ ಭಾಗಗಳಾದರೋ ಹುಟ್ಟಿನಿಂದಲೇ ಚುರುಕಾಗಿರುತ್ತವೆ. ಮೂರು ವರ್ಷದ ಮಗುವಿಗೆ “ಸ್ವಲ್ಪ ಕಂಟ್ರೋಲ್ ಮಾಡ್ಕೋ” ಎಂದರೆ ಇನ್ನೂ ಬೆಳೆಯದ ಅಂಗದಿಂದ ಕೆಲಸ ಕೇಳಿದಂತಾಗುತ್ತದೆ.

ಮಿನೆಸೋಟದವರೇ ಆದ ಮೈಕಲ್ ಪೊಟೆಗಾಲ್ ಮತ್ತು ಸಂಗಡಿಗರು ಮಕ್ಕಳ ರಂಪಾಟದ ಧ್ವನಿಗಳನ್ನು ದಾಖಲಿಸಿ, ಒಂದೊಂದು ಕಿರುಚು, ಒಂದೊಂದು ಬಿಕ್ಕನ್ನೂ ಬಿಡಿಸಿ ನೋಡಿದರು. ಅವರಿಗೆ ಕಂಡದ್ದು ಇದು: ರಂಪದಲ್ಲಿ ಸಿಟ್ಟೂ ದುಃಖವೂ ಒಟ್ಟಿಗೇ ಇರುತ್ತವೆ. ಸಿಟ್ಟು ಬೇಗ ಏರಿ ಬೇಗ ಇಳಿಯುತ್ತದೆ, ದುಃಖ ಉದ್ದಕ್ಕೂ ಹರಿಯುತ್ತಲೇ ಇರುತ್ತದೆ. ಸಿಟ್ಟಿನ ನೆತ್ತಿ ದಾಟಿದ ಮೇಲೆ ಉಳಿಯುವುದು ಬರೀ ದುಃಖ. ಆಗ ಮಗು ತಾನಾಗಿಯೇ ಮಡಿಲು ಹುಡುಕಿಕೊಂಡು ಬರುತ್ತದೆ. ಇದನ್ನು ತಿಳಿದವರು ಏರುಹೊತ್ತಿನಲ್ಲಿ ಪ್ರಶ್ನೆ ಕೇಳುವುದಿಲ್ಲ. “ಯಾಕೆ ಹೀಗೆ ಮಾಡ್ತೀಯ? ಹೇಳು, ಯಾಕೆ?” ಎಂಬುದು ಆ ಹೊತ್ತಿಗೆ ಉರಿಗೆ ಸೌದೆ. ಬಡಿದುಕೊಳ್ಳುವಂಥದ್ದು ಏನಾದರೂ ಇದ್ದರೆ ಪಕ್ಕಕ್ಕೆ ಸರಿಸಿ, ಅದರ ಎತ್ತರಕ್ಕೆ ಕೂತು, “ನಾನು ಇಲ್ಲೇ ಇದೀನಿ” ಎಂದರೆ ಸಾಕು. ಕೇಳಿದ್ದನ್ನು ಕೊಡಬೇಕೆಂದಲ್ಲ. ಚಾಕೊಲೇಟ್ ಇಲ್ಲ ಎಂದಿದ್ದರೆ ಇಲ್ಲವೇ. ಆದರೆ ಚಾಕೊಲೇಟ್ ಸಿಗದ ದುಃಖಕ್ಕೆ ಅಳಲು ಅಡ್ಡಿಯಿಲ್ಲ. ಈ ಎರಡನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದೇ ಅತ್ಯಂತ ಕಷ್ಟದ ಕೆಲಸ, ಅದರಲ್ಲೂ ನಾಲ್ಕು ಜನ ನೋಡುತ್ತಿರುವ ಅಂಗಡಿಯಲ್ಲಿ, ಮದುವೆಮನೆಯಲ್ಲಿ.

ಹೆಸರಿಡುವ ಕೆಲಸ ಅದರ ನಂತರದ್ದು. ಎರಡು ವರ್ಷದ ಮಗುವಿಗೆ ಎದುರಿನ ಮುಖದಲ್ಲಿ ಕಾಣುವುದು ಹೆಚ್ಚುಕಡಿಮೆ ಎರಡೇ ಬಗೆ, ಹಿತವಾದದ್ದು ಮತ್ತು ಹಿತವಲ್ಲದ್ದು. ಶೆರಿ ವೈಡನ್ ಮತ್ತು ಜೇಮ್ಸ್ ರಸೆಲ್ ಎಂಬ ಸಂಶೋಧಕರು ತೋರಿಸಿದಂತೆ, ಮಕ್ಕಳಿಗೆ ಮೊದಲು ದಕ್ಕುವ ಪದ ಖುಷಿ. ಆಮೇಲೆ ಸಿಟ್ಟು, ದುಃಖ. ಹೆದರಿಕೆ, ಅಚ್ಚರಿ ಇನ್ನೂ ತಡ. ಅಸಹ್ಯಪಟ್ಟ ಮುಖ ತೋರಿಸಿದರೆ ಶಾಲೆಗೆ ಹೋಗುವ ಮಕ್ಕಳಲ್ಲೂ ಎಷ್ಟೋ ಜನ “ಸಿಟ್ಟು ಬಂದಿದೆ” ಎನ್ನುತ್ತಾರೆ. ಇದನ್ನು ಓದಿದ ಮೇಲೆ ಮಕ್ಕಳ ಹಲವು ತಪ್ಪುಗಳು ಬೇರೆಯಾಗಿಯೇ ಕಾಣುತ್ತವೆ. ಮಗು ತನ್ನ ಒಳಗನ್ನೂ ಅದೇ ಒರಟು ಪಾಲಿನಲ್ಲಿ ಅರಿಯುತ್ತದೆ. ಸೋಮವಾರ ಬೆಳಗ್ಗೆ “ಹೊಟ್ಟೆನೋವು” ಎನ್ನುವ ಮಗು ಸುಳ್ಳು ಹೇಳುತ್ತಿರುವುದಿಲ್ಲ. ದಿಗಿಲು ಮೊದಲು ಬಂದು ಕೂರುವುದೇ ಹೊಟ್ಟೆಯಲ್ಲಿ. ಅದಕ್ಕೆ ದಿಗಿಲು ಎಂಬ ಹೆಸರು ಮಗುವಿನ ಬಳಿ ಇನ್ನೂ ಇಲ್ಲ, ಅಷ್ಟೆ.

ಹೆಸರು ಸಿಕ್ಕರೆ ಏನಾಗುತ್ತದೆ? ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಯಸ್ಕರಿಗೆ ಸಿಟ್ಟಿನ, ಭಯದ ಮುಖಗಳನ್ನು ತೋರಿಸಿ ಮಿದುಳನ್ನು ಸ್ಕ್ಯಾನ್ ಮಾಡಿದರು. ಕಂಡ ಭಾವಕ್ಕೆ ಪದ ಹಚ್ಚಿದಾಗ ಅಮಿಗ್ಡಲ ಎಂಬ, ಅಪಾಯದ ಕರೆಗಂಟೆಯಂತೆ ಕೆಲಸ ಮಾಡುವ ಭಾಗದ ಚಟುವಟಿಕೆ ತಗ್ಗಿತು. ದೊಡ್ಡವರ ಮೇಲೆ ನಡೆದ ಪ್ರಯೋಗವಾದ್ದರಿಂದ ಹಾಗೇ ಎತ್ತಿ ಮಕ್ಕಳಿಗೆ ಹಚ್ಚಲು ಬರುವುದಿಲ್ಲ. ಆದರೆ ಮಕ್ಕಳೊಂದಿಗೆ ಒಡನಾಡಿದವರಿಗೆ ಇದರ ಸುಳಿವು ಮೊದಲೇ ಇದೆ.

ಬಾಣಂತನದ ಮನೆಯನ್ನು ನೆನೆಸಿಕೊಳ್ಳಿ. ಎರಡನೇ ಹೆರಿಗೆಗೆ ಮಗಳು ತವರಿಗೆ ಬಂದಿದ್ದಾಳೆ. ಮೊದಲ ಮಗುವಿಗೆ ಮೂರು ದಾಟಿದೆ. ಅಲ್ಲಿಯವರೆಗೆ ಅಮ್ಮನ ಪಕ್ಕ ಮಲಗುತ್ತಿದ್ದ ಹುಡುಗಿಗೆ ಈಗ ಬಾಣಂತಿ ಕೋಣೆಯ ಬಾಗಿಲಲ್ಲೇ ತಡೆ: “ಪಾಪು ಮಲಗಿದೆ, ಸದ್ದು ಮಾಡಬೇಡ.” ಬರುವ ನೆಂಟರೆಲ್ಲ ತೊಟ್ಟಿಲ ಕಡೆಗೇ. ಸಾಲದ್ದಕ್ಕೆ “ಇನ್ನು ನೀನು ದೊಡ್ಡಕ್ಕ, ಜಾಣೆ ಆಗ್ಬೇಕು” ಎಂಬ ಹೊಸ ಪದವಿ. ಒಂದು ದಿನ ಹುಡುಗಿ ಪಾಪುವನ್ನು ಚಿವುಟುತ್ತಾಳೆ, ಇಲ್ಲವೇ ಬಿಟ್ಟುಹೋಗಿದ್ದ ಚಡ್ಡಿ ಒದ್ದೆ ಮಾಡುವ ಅಭ್ಯಾಸಕ್ಕೆ ಮರಳುತ್ತಾಳೆ, ಇಲ್ಲವೇ “ಇದನ್ನ ಆಸ್ಪತ್ರೆಗೆ ವಾಪಸ್ ಕೊಟ್ಟು ಬಾ” ಎನ್ನುತ್ತಾಳೆ. ಮನೆಮಂದಿಯೆಲ್ಲ ನಗುತ್ತಾರೆ ಅಥವಾ ಗದರಿಸುತ್ತಾರೆ. ಎರಡರಿಂದಲೂ ಮಗುವಿಗೆ ಸಿಗುವ ಅರ್ಥ ಒಂದೇ: ನನ್ನೊಳಗೆ ಆಗುತ್ತಿರುವುದು ಯಾರಿಗೂ ತೋರಿಸಬಾರದಂಥದ್ದು.

ಅದೇ ಮನೆಯಲ್ಲಿ ಒಬ್ಬ ಅಜ್ಜಿ ಆ ಹುಡುಗಿಯನ್ನು ಕಂಕುಳಿಗೆ ಏರಿಸಿಕೊಂಡು ಹಿತ್ತಿಲಿಗೆ ಹೋಗಿ, “ಎಲ್ರೂ ಪಾಪುನೇ ಎತ್ಕೋತಾರೆ ಅಂತ ನಿಂಗೆ ಹೊಟ್ಟೆ ಉರೀತಿದೆ ಅಲ್ವಾ ಕಂದಾ? ಅಮ್ಮ ಬೇಕು ಅನ್ನಿಸ್ತಿದೆ. ನಿಮ್ಮಮ್ಮ ಹುಟ್ಟಿದಾಗ ನಿಮ್ಮ ದೊಡ್ಡಮ್ಮನೂ ಹೀಗೇ ಅತ್ತಿದ್ಲು” ಎಂದರೆ, ಒಂದೇ ಮಾತಿನಲ್ಲಿ ಎಷ್ಟು ಕೆಲಸವಾಯಿತು ನೋಡಿ. ಅನಿಸಿಕೆಗೆ ಹೆಸರು ಬಂತು. ಅದರ ಕಾರಣ ಬಂತು. ಅದು ತನಗೊಬ್ಬಳಿಗೇ ಬಂದ ರೋಗವಲ್ಲ, ದೊಡ್ಡಮ್ಮನಿಗೂ ಬಂದು ಹೋದದ್ದು ಎಂಬ ಧೈರ್ಯ ಬಂತು. ಆಮೇಲೆ ಅಜ್ಜಿ, “ಆದ್ರೆ ಚಿವುಟಬಾರ್ದು, ಪಾಪುಗೆ ನೋವಾಗತ್ತೆ. ಹೊಟ್ಟೆ ಉರಿದಾಗ ನನ್ನ ಹತ್ರ ಓಡಿ ಬಾ” ಎನ್ನುತ್ತಾಳೆ. ಅನಿಸಿದ್ದಕ್ಕೆ ಒಪ್ಪಿಗೆ, ಮಾಡಿದ್ದಕ್ಕೆ ಗಡಿ, ಮುಂದಿನ ಸಲಕ್ಕೆ ಒಂದು ದಾರಿ. ಮಕ್ಕಳ ಭಾವನೆಯ ಬಗ್ಗೆ ಈಗ ನಡೆಯುವ ಕಾರ್ಯಾಗಾರಗಳು ಹೇಳುವುದೂ ಹೆಚ್ಚುಕಡಿಮೆ ಇಷ್ಟನ್ನೇ.

ಇಂಥ ಅಜ್ಜಿಯರ ಜೊತೆಗೇ ನಮ್ಮಲ್ಲಿ ಗುಮ್ಮನೂ ಇದ್ದಾನೆ, ಅದನ್ನು ಮರೆಯುವಂತಿಲ್ಲ. ಪುರಂದರದಾಸರ ಜನಪ್ರಿಯ ಕೀರ್ತನೆಯೊಂದರಲ್ಲಿ ಬಾಲಕೃಷ್ಣ ಗುಮ್ಮನನ್ನು ಕರೆಯಬೇಡವೆಂದು ಅಮ್ಮನ ಬಳಿ ಅಂಗಲಾಚುತ್ತಾನೆ, ಇನ್ನು ಅಳುವುದೇ ಇಲ್ಲವೆಂದು ಮಾತು ಕೊಡುತ್ತಾನೆ. ಹಾಡು ಮುದ್ದಾಗಿದೆ. ಆದರೆ ಅಳು ನಿಂತದ್ದು ಭಯಕ್ಕೆ. ಗುಮ್ಮನ ಜಾಗಕ್ಕೆ ಈಗ ಪೊಲೀಸು, ಇಂಜೆಕ್ಷನ್ ಚುಚ್ಚುವ ಡಾಕ್ಟರು, ಮಕ್ಕಳನ್ನು ಹಿಡಿದುಕೊಂಡು ಹೋಗುವವರು ಬಂದಿದ್ದಾರೆ. ಒಂದು ಭಾವನೆಯನ್ನು ಅದಕ್ಕಿಂತ ದೊಡ್ಡ ಇನ್ನೊಂದರಿಂದ ಮುಚ್ಚಿದರೆ ಮೊದಲನೆಯದು ಮಾಯವಾಗುವುದಿಲ್ಲ. ಮಗು ಸುಮ್ಮನಾಗಿದೆ, ಸಮಾಧಾನವಾಗಿಲ್ಲ. ಎಡವಿ ಬಿದ್ದ ಮಗುವಿಗಾಗಿ ನೆಲಕ್ಕೆ ಹೊಡೆಯುವ ಪದ್ಧತಿಯನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ. ಪ್ರೀತಿಯಿಂದಲೇ ಮಾಡುತ್ತೇವೆ, ನಿಜ. ಆದರೆ ನೋವಾದಾಗ ಹೊಡೆಯಲು ಯಾರನ್ನಾದರೂ ಹುಡುಕಬೇಕು ಎಂಬ ಪಾಠವೂ ಅಲ್ಲೇ ಶುರುವಾಗುತ್ತದೆ. “ಗಂಡುಹುಡುಗ ಆಗಿ ಅಳ್ತೀಯಾ?” ಎಂಬ ಮಾತು ನಾಲ್ಕು ವರ್ಷದವನ ಬಳಿ ಸಿಟ್ಟೊಂದನ್ನೇ ಬಿಟ್ಟು ಉಳಿದದ್ದನ್ನೆಲ್ಲ ಕಿತ್ತುಕೊಳ್ಳುತ್ತದೆ. “ಹೆಣ್ಣುಮಕ್ಕಳಿಗೆ ಇಷ್ಟು ಕೋಪ ಒಳ್ಳೇದಲ್ಲ” ಎಂಬುದು ಅವಳಿಂದ ಆ ಸಿಟ್ಟನ್ನೂ ಕಿತ್ತುಕೊಳ್ಳುತ್ತದೆ. ಹಲಸಂಗಿ ಗೆಳೆಯರು ಸಂಗ್ರಹಿಸಿಕೊಟ್ಟ ಗರತಿಯ ಹಾಡುಗಳಲ್ಲಿ ಅಳುವ ಕೂಸಿನ ಮುಖದಲ್ಲೂ ಚೆಲುವನ್ನೇ ಕಂಡ ತಾಯಿ ಇದ್ದಾಳೆ. ಪರಂಪರೆಯಿಂದ ಏನನ್ನಾದರೂ ಆರಿಸಿಕೊಳ್ಳುವುದಾದರೆ ಗುಮ್ಮನಿಗಿಂತ ಅವಳನ್ನು ಆರಿಸಿಕೊಳ್ಳೋಣ.

ಚಂದಮಾಮನನ್ನೂ ಉಳಿಸಿಕೊಳ್ಳಬೇಕು. ಅಳುವ ಮಗುವಿನ ಗಮನವನ್ನು ಬೇರೆಡೆಗೆ ತಿರುಗಿಸುವುದು ಮೋಸವೇನಲ್ಲ. ತನಗೆ ತಾನೇ ಸಮಾಧಾನ ಮಾಡಿಕೊಳ್ಳಲು ಮಗು ಕಲಿಯುವ ಮೊದಮೊದಲ ಉಪಾಯಗಳಲ್ಲಿ ಅದೂ ಒಂದು. ಹಾಗಾದರೆ ಚಂದಮಾಮನ ಬದಲು ಮೊಬೈಲ್ ತೋರಿಸಿದರೆ ಏನು ತಪ್ಪು ಎಂದು ಹಲವರು ಕೇಳುತ್ತಾರೆ. ಚಂದಮಾಮನನ್ನು ತೋರಿಸುವಾಗ ಮಗು ತೋಳಿನಲ್ಲಿರುತ್ತದೆ, ಎದೆಬಡಿತ ಕೇಳಿಸುತ್ತಿರುತ್ತದೆ, ಒಂದು ದನಿ ಅದರ ಅಳುವಿಗೆ ತಕ್ಕಂತೆ ಏರಿಳಿಯುತ್ತಿರುತ್ತದೆ. ಮೊಬೈಲಿನಲ್ಲಿ ಆ ಯಾವುದೂ ಇಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಮಕ್ಕಳ ತಜ್ಞೆ ಜೆನ್ನಿ ರಡೆಸ್ಕಿ ಅವರ ತಂಡ ಮೂರರಿಂದ ಐದು ವರ್ಷದ ಮಕ್ಕಳಿರುವ 422 ಪೋಷಕರನ್ನು ತಿಂಗಳುಗಟ್ಟಲೆ ಹಿಂಬಾಲಿಸಿ 2022ರ ಕೊನೆಗೆ ವರದಿ ಪ್ರಕಟಿಸಿತು. ಮಗುವನ್ನು ಸಮಾಧಾನಪಡಿಸಲು ಪದೇಪದೇ ಫೋನ್ ಕೊಟ್ಟ ಕಡೆ, ಮುಖ್ಯವಾಗಿ ಗಂಡುಮಕ್ಕಳಲ್ಲಿ, ಭಾವನೆಗಳ ಏರುಪೇರು ಮುಂದೆ ಹೆಚ್ಚಿದ್ದು ಕಂಡಿತು. ಆಸ್ಪತ್ರೆಯ ಸಾಲಿನಲ್ಲಿ, ರಾತ್ರಿ ಬಸ್ಸಿನಲ್ಲಿ ಒಮ್ಮೊಮ್ಮೆ ಕೊಟ್ಟದ್ದಕ್ಕೆ ತಾಯಂದಿರು ಎದೆ ಬಡಿದುಕೊಳ್ಳಬೇಕಿಲ್ಲ. ಅಳುವಿಗೆಲ್ಲ ಅದೊಂದೇ ಮದ್ದಾದಾಗ ಮಗುವಿಗೆ ಬೇರೆ ಮದ್ದು ಕಲಿಯುವ ಅವಕಾಶವೇ ಸಿಗದೆ ಹೋಗುತ್ತದೆ.

ಕಲಿಸಲು ಹಣ ಕೊಟ್ಟು ಕಿಟ್ ತರಬೇಕಾಗಿಯೂ ಇಲ್ಲ. ನಮ್ಮ ‘ಕೆರೆ-ದಡ’ ಆಟವನ್ನೇ ನೋಡಿ. ನೆಲದ ಮೇಲೆ ಒಂದು ಗೆರೆ. ‘ಕೆರೆ’ ಎಂದರೆ ಒಳಕ್ಕೆ ಜಿಗಿ, ‘ದಡ’ ಎಂದರೆ ಹೊರಕ್ಕೆ. ಹೇಳುವವರು ಲಯ ಹಿಡಿಸಿ, ಹಿಡಿಸಿ, ನಡುವೆ ಒಮ್ಮೆಲೇ ‘ದಡ’ದ ಮೇಲೆ ಮತ್ತೆ ‘ದಡ’ ಎಂದುಬಿಡುತ್ತಾರೆ. ಜಿಗಿಯಲು ಎತ್ತಿದ ಕಾಲನ್ನು ಅಲ್ಲೇ ತಡೆಯಬೇಕು. ಅಮೆರಿಕದ ಆರಿಗನ್ ರಾಜ್ಯದ ಮೆಗನ್ ಮೆಕ್ಲೆಲೆಂಡ್ ಮತ್ತು ಸಹೋದ್ಯೋಗಿಗಳು ಪುಟ್ಟ ಮಕ್ಕಳ ಸ್ವನಿಯಂತ್ರಣ ಅಳೆಯಲು ರೂಪಿಸಿದ ಪರೀಕ್ಷೆಯೂ ಇದೇ ಜಾತಿಯದು: ತಲೆ ಮುಟ್ಟು ಎಂದರೆ ಕಾಲ್ಬೆರಳು ಮುಟ್ಟಬೇಕು, ಕಾಲ್ಬೆರಳು ಎಂದರೆ ತಲೆ. ಮೈ ತಾನಾಗಿ ಮಾಡಲು ಹೊರಟದ್ದನ್ನು ಒಂದು ಕ್ಷಣ ನಿಲ್ಲಿಸುವ ಆ ಸಾಮರ್ಥ್ಯವೇ ಆಟಿಕೆ ಕಸಿದವನ ಕೆನ್ನೆಗೆ ಹೊಡೆಯಲು ಎದ್ದ ಕೈಯನ್ನೂ ನಿಲ್ಲಿಸಬೇಕಾದದ್ದು. ಅದನ್ನು ನಗುತ್ತ, ಔಟಾಗುತ್ತ, ಮತ್ತೆ ಸಾಲಿಗೆ ಬರುತ್ತ ಕಲಿಯುವ ಅವಕಾಶ ಅಂಗಳದಲ್ಲಿದೆ. ಸೋತು ಅಳುವುದು, ಅತ್ತು ಮುಗಿಸಿ ಮತ್ತೆ ಆಟಕ್ಕೆ ಬರುವುದು, ಇದೂ ಆಟದ ಪಾಲೇ.

ತಡೆದುಕೊಳ್ಳುವ ಶಕ್ತಿಯ ಮಾತು ಬಂದಾಗ ಎಲ್ಲರೂ ಸ್ಟ್ಯಾನ್‌ಫರ್ಡ್‌ನ ವಾಲ್ಟರ್ ಮಿಶೆಲ್ ಅವರ ಮಾರ್ಷ್‌ಮ್ಯಾಲೊ ಪರೀಕ್ಷೆಯನ್ನು ಹೇಳುತ್ತಾರೆ. ಈಗಲೇ ತಿಂದರೆ ಒಂದು ಸಿಹಿ, ಕಾದರೆ ಎರಡು. ಕಾದ ಮಕ್ಕಳು ಮುಂದೆ ಓದಿನಲ್ಲಿ ಮುಂದಾದರು ಎಂಬ ಸುದ್ದಿ ಜಗತ್ತೆಲ್ಲ ಹರಡಿತು. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಸಂಗಡಿಗರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಪರಿಶೀಲಿಸಿದಾಗ, ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ನಂಟು ಬಹಳ ಸಣ್ಣದಾಗಿಬಿಟ್ಟಿತು. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ರಾಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಅವರ 2013ರ ಪುಟ್ಟ ಪ್ರಯೋಗ. ಅವರು 28 ಮಕ್ಕಳನ್ನು ಎರಡು ಗುಂಪು ಮಾಡಿ, ಮೊದಲು ಚಿತ್ರ ಬಿಡಿಸಲು ಕೂರಿಸಿ, “ಇದಕ್ಕಿಂತ ಒಳ್ಳೆಯ ಬಣ್ಣ ತಂದುಕೊಡ್ತೀನಿ, ಕಾಯಿ” ಎಂದರು. ಒಂದು ಗುಂಪಿಗೆ ತಂದುಕೊಟ್ಟರು. ಇನ್ನೊಂದು ಗುಂಪಿಗೆ ಬರಿಗೈಯಲ್ಲಿ ಬಂದು, ಇಲ್ಲ ಎಂದರು. ಆಮೇಲೆ ಮಾರ್ಷ್‌ಮ್ಯಾಲೊ ಇಟ್ಟಾಗ ಮಾತು ಉಳಿಸಿಕೊಂಡವರ ಗುಂಪಿನ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಗುಂಪಿನವರು ಕಾದದ್ದು 3 ನಿಮಿಷ. ಕಾಯುವುದು ಬರೀ ಮಗುವಿನ ಗುಣವಲ್ಲ, ಅದರ ಸುತ್ತ ಇರುವವರ ಮಾತಿಗೆ ಎಷ್ಟು ಬೆಲೆ ಎಂಬುದರ ಲೆಕ್ಕವೂ ಹೌದು.

ಈ ಲೆಕ್ಕ ನಮ್ಮ ಅಂಗನವಾಡಿ, ಎಲ್‌ಕೆಜಿ ಬಾಗಿಲುಗಳಲ್ಲಿ ಶಾಲೆ ಶುರುವಾಗುವ ದಿನಗಳಲ್ಲಿ ಕಣ್ಣಿಗೆ ಕಾಣುವಂತೆ ನಡೆಯುತ್ತದೆ. ಮಗು ಬೊಂಬೆ ನೋಡುತ್ತಿರುವಾಗ ಅಮ್ಮ ಹಿಂದಿನಿಂದ ಸದ್ದಿಲ್ಲದೆ ಜಾರಿಕೊಳ್ಳುತ್ತಾಳೆ. ಅಳು ತಪ್ಪಿಸಲೆಂದೇ ಹಾಗೆ ಮಾಡುತ್ತಾಳೆ. ತಿರುಗಿ ನೋಡಿದ ಮಗುವಿಗೆ ಅಮ್ಮನಿಲ್ಲ. ಮರುದಿನದಿಂದ ಅದು ಬೊಂಬೆ ನೋಡುವುದನ್ನೇ ಬಿಟ್ಟು ಅಮ್ಮನ ಸೆರಗನ್ನು ಕಾಯುತ್ತ ಕೂರುತ್ತದೆ. “ನಾನು ಹೋಗ್ತೀನಿ, ನೀನು ಊಟ ಮಾಡಿ ಎದ್ದ ಮೇಲೆ ಬರ್ತೀನಿ” ಎಂದು ಹೇಳಿ, ಅಳಿಸಿ ಹೋಗಿ, ಹೇಳಿದ ಹೊತ್ತಿಗೆ ಬಂದರೆ ಮೊದಲ ದಿನ ಅಳು ಜೋರು. ದಿನ ಕಳೆದಂತೆ ಮಗುವಿನ ಬಳಿ ಹಿಡಿದುಕೊಳ್ಳಲು ಒಂದು ಮಾತಿರುತ್ತದೆ: ಊಟ ಆದ ಮೇಲೆ ಅಮ್ಮ.

ಎಲ್ಲ ಸಲವೂ ದೊಡ್ಡವರು ಹೀಗೆ ತಣ್ಣಗಿರಬೇಕು ಎಂದರೆ ಅದು ಆಗದ ಮಾತು, ಬೇಕಾಗಿಯೂ ಇಲ್ಲ. ಎಡ್ವರ್ಡ್ ಟ್ರೋನಿಕ್ ಎಪ್ಪತ್ತರ ದಶಕದಲ್ಲಿ ತಾಯಂದಿರಿಗೆ ಒಂದೆರಡು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂಸಿನೆದುರು ಕೂರಲು ಹೇಳಿದ ಪ್ರಯೋಗ ಹೆಸರಾದದ್ದು. ಕೂಸು ಕರೆದು, ಕೈಚಾಚಿ, ಕೊನೆಗೆ ಅತ್ತುಬಿಡುತ್ತದೆ. ಅದೇ ಟ್ರೋನಿಕ್ ಆಮೇಲೆ ಕಂಡುಕೊಂಡದ್ದು ಅಷ್ಟು ಹೆಸರಾಗಲಿಲ್ಲ. ಚೆನ್ನಾಗಿರುವ ತಾಯಿ-ಮಗುವಿನ ನಡುವೆಯೂ ಭಾವ ಹೊಂದಿಕೆಯಾಗಿರುವುದು ಸುಮಾರು ಶೇ 30ರಷ್ಟು ಹೊತ್ತು ಮಾತ್ರ. ಮಿಕ್ಕ ಹೊತ್ತು ತಪ್ಪುವುದು, ಸರಿಮಾಡಿಕೊಳ್ಳುವುದು. ರೇಗಿದ ಅಪ್ಪ ಅರ್ಧ ಗಂಟೆ ಬಿಟ್ಟು ಬಂದು, “ಆಗ ನಂಗೆ ತುಂಬ ಸಿಟ್ಟು ಬಂದಿತ್ತು ಪುಟ್ಟಿ, ಕೂಗಿಬಿಟ್ಟೆ. ನಿಂಗೆ ಹೆದರಿಕೆ ಆಯ್ತಾ?” ಎಂದು ಕೇಳಿದರೆ ಸಿಟ್ಟು ಬರುತ್ತದೆ, ಇಳಿಯುತ್ತದೆ, ಇಳಿದ ಮೇಲೆ ಕೂಡಿಕೊಳ್ಳಬಹುದು ಎಂಬುದನ್ನು ಮಗು ಕಣ್ಣಾರೆ ನೋಡುತ್ತದೆ.

ಕೆಲವು ಮಕ್ಕಳಿಗೆ ಇಷ್ಟು ಸಾಲುವುದಿಲ್ಲ. ರಂಪ ಸಾಮಾನ್ಯವಾಗಿ 25 ನಿಮಿಷ ಮೀರುತ್ತಿದ್ದರೆ, ಮಗು ಪ್ರತಿಸಲವೂ ತನ್ನನ್ನೇ ಕಚ್ಚಿಕೊಂಡು, ತಲೆ ಚಚ್ಚಿಕೊಂಡು ಗಾಯಮಾಡಿಕೊಳ್ಳುತ್ತಿದ್ದರೆ, ದಿನಕ್ಕೆ ಹಲವು ಬಾರಿ ಬಂದು ಇಳಿಯದೆ ಹೋದರೆ, “ದೊಡ್ಡದಾದ್ರೆ ಸರಿಹೋಗತ್ತೆ” ಎಂದು ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಟೆಲಿ-ಮಾನಸ್ ಸಹಾಯವಾಣಿ 14416 ಹಗಲು-ರಾತ್ರಿ ಉಚಿತವಾಗಿ, ಕನ್ನಡದಲ್ಲೂ ಸಿಗುತ್ತದೆ. 2022ರಲ್ಲಿ ಶುರುವಾದ ಈ ಸೇವೆಗೆ ನಮ್ಮ ನಿಮ್ಹಾನ್ಸ್ ಮುಖ್ಯ ಕೇಂದ್ರ. ಕಂಗೆಟ್ಟ ತಂದೆತಾಯಿ ತಮಗಾಗಿಯೇ ಕರೆ ಮಾಡಿದರೂ ಸರಿಯೇ.

ಅದೇ 2022ರಲ್ಲಿ ಬಂದ, ಮೂರರಿಂದ ಎಂಟು ವರ್ಷದ ಮಕ್ಕಳ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಭಾವನೆಗಳನ್ನು ಅರಿತು ನಿಭಾಯಿಸುವುದನ್ನು ಕಲಿಕೆಯ ಗುರಿಗಳಲ್ಲಿ ಒಂದಾಗಿ ಬರೆದಿದೆ. ಒಳ್ಳೆಯದಾಯಿತು. ಇದನ್ನು ಮಾಡಿಸಬೇಕಾದವರು ಯಾರು? ನಮ್ಮ ರಾಜ್ಯದಲ್ಲಿ 1975ರಲ್ಲಿ ಟಿ. ನರಸೀಪುರದಿಂದ ಆರಂಭವಾದ ಅಂಗನವಾಡಿಗಳಲ್ಲಿ ಇಂದು ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಮೊಟ್ಟೆ, ಹಾಲಿನ ಪುಡಿಯ ಲೆಕ್ಕ, ಮಕ್ಕಳ ತೂಕ, ಗರ್ಭಿಣಿಯರ ಊಟ, ಮನೆಭೇಟಿ, ಪೋಷಣ್ ಟ್ರ್ಯಾಕರ್‌ಗೆ ಮೊಬೈಲಿನಲ್ಲಿ ಮಾಹಿತಿ ತುಂಬುವುದು, ಮೇಲೆ ಸರ್ವೆ, ಚುನಾವಣೆ ಕೆಲಸ. ಇದರ ನಡುವೆಯೇ “ಯಾಕವ್ವಾ ಅಳಾಕತ್ತಿ, ಬಾ ಇಲ್ಲೆ” ಎಂದು ಹೊಸ ಮಗುವನ್ನು ಮಡಿಲಿಗೆ ಎಳೆದುಕೊಳ್ಳುವ ಕಾರ್ಯಕರ್ತೆಯರು ನಮ್ಮಲ್ಲಿದ್ದಾರೆ. ಸಂಬಳ ಎನ್ನದೆ ಗೌರವಧನ ಎಂದು ಕರೆಯುವ ಮೊತ್ತಕ್ಕೆ ಅವರು ದುಡಿಯುತ್ತಾರೆ. ಮಗುವಿನ ರಂಪ ಇಳಿಯುವವರೆಗೆ ಪಕ್ಕದಲ್ಲಿ ಕೂರಲು ಕೈ ಖಾಲಿ ಇರಬೇಕು. ಪೂರ್ವಪ್ರಾಥಮಿಕ ಕಲಿಕೆಗೆಂದೇ ತರಬೇತಾದ ಎರಡನೆಯ ಶಿಕ್ಷಕಿಯೊಬ್ಬರು ಪ್ರತಿ ಕೇಂದ್ರಕ್ಕೂ ಬೇಕು. ಅದಕ್ಕೆ ಹಣ, ಕಾಲ ಹಿಡಿಯುತ್ತದೆ ಎನ್ನುವುದಾದರೆ, ಹೊಸ ಮಕ್ಕಳು ಬರುವ ಮೊದಲ ಎರಡು ವಾರವಾದರೂ ಕಾರ್ಯಕರ್ತೆಯರಿಗೆ ಯಾವ ಸರ್ವೆಯನ್ನೂ, ಯಾವ ಸಭೆಯನ್ನೂ ಹಚ್ಚದಂತೆ ಇಲಾಖೆ ಒಂದು ಸುತ್ತೋಲೆ ಹೊರಡಿಸಬಹುದು. ಅದಕ್ಕೆ ಬಜೆಟ್ ಬೇಕಿಲ್ಲ.